ಮೂವತ್ತೇಳನೇ ನಂಬರು

ಪೆರ್ನಿಕ್ ಎಂಬ ಊರಿನಲ್ಲಿ ಸತ್ತವರ ಪದ್ಯಗಳನ್ನು ನಂಬರು ಹೇಳಿ ಆರಿಸುತ್ತಾರೆ. ಆಸ್ಪತ್ರೆಯ ಹಿಂದಿನ ಗೇಟಿಗೆ ಎದುರಾಗಿ ಮೆತೋದಿಯ ಅಚ್ಚಿನಂಗಡಿ ಇದೆ. ಅದರ ಕೌಂಟರಿನ ಮೇಲೆ ಪ್ಲಾಸ್ಟಿಕ್ ಹಾಳೆಗಳ ಫೈಲೊಂದು ಸದಾ ಬಿದ್ದಿರುತ್ತದೆ. ಒಳಗೆ ಮೂವತ್ತಾರು ಪದ್ಯ. ಬಂದವರು ಮೂಗೊರೆಸಿಕೊಂಡು ಎರಡು ಹಾಳೆ ಮಗುಚಿ, ಹನ್ನೊಂದು ಹಾಕಿ ಎನ್ನುತ್ತಾರೆ. ಹನ್ನೊಂದರಲ್ಲಿ ಹಂಸವಿದೆ. ಗಂಡಸರಿಗೆ ಹೆಚ್ಚಾಗಿ ಇಪ್ಪತ್ತಾರು, ಅದರಲ್ಲಿ ಬಿರುಗಾಳಿಗೆ ಉರುಳಿದ ಓಕ್ ಮರ. ಅರ್ಧ ಗಂಟೆಯೊಳಗೆ ಫೋಟೊ, ಶಿಲುಬೆ, ಹೆಸರು, ಪದ್ಯ, ಕೆಳಗೆ 'ದುಃಖತಪ್ತರಿಂದ' ಎಂಬ ಒಂದು ಪದ ಸೇರಿ ಸಾವಿನ ಕಾಗದ ತಯಾರು. ಅದನ್ನು ಮನೆಯ ಬಾಗಿಲಿಗೆ, ಬಸ್ ಸ್ಟಾಪಿಗೆ, ಬೀದಿಯ ಮರಗಳಿಗೆ ಅಂಟಿಸುತ್ತಾರೆ. ನಲವತ್ತನೇ ದಿನಕ್ಕೆ ಇನ್ನೊಂದು, ಆರು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷವರ್ಷವೂ. ಊರಿನ ಗೋಡೆಗಳನ್ನು ನೋಡಿದರೆ ಇಲ್ಲಿ ಬದುಕಿರುವುದೇ ಒಂದು ವಿನಾಯಿತಿ ಅನ್ನಿಸುತ್ತದೆ.

ಇಸ್ಕ್ರಾ ಹದಿನೆಂಟು ವರ್ಷದಿಂದ ಈ ಅಂಗಡಿಯಲ್ಲಿ ಹಂಸವನ್ನೂ ಓಕ್ ಮರವನ್ನೂ ಅಚ್ಚು ಹಾಕುತ್ತಿದ್ದಳು. ಈಗ ಅವಳಿಗೆ ನಲವತ್ತನಾಲ್ಕು. ಫೈಲಿನ ಪದ್ಯಗಳೆಂದರೆ ಅವಳಿಗೆ ಓಕರಿಕೆ. ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿದ ತಿಂಡಿಯ ಹಾಗೆ ಅವು ಎಲ್ಲರ ಬಾಯಲ್ಲೂ ಒಂದೇ ರುಚಿ. ಸೌದೆ ಒಡೆಯುತ್ತ ಹೆಂಡತಿಗೆ ಬೈಯುತ್ತ ಎಂಬತ್ತು ವರ್ಷ ಕಳೆದವನೂ ಹಂಸ, ಮೂರನೇ ತರಗತಿಯ ಮೇಷ್ಟರೂ ಹಂಸ.

ಆ ಫೈಲಿನಲ್ಲಿ ಇಲ್ಲದ ನಾಲ್ಕು ಸಾಲುಗಳಿದ್ದವು. ಅವು ಅವಳ ಗಂಡ ಲ್ಯೂಬೆನನವು. ಲ್ಯೂಬೆನ್ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಒಂದು ಭಾನುವಾರ ಬೆಳಿಗ್ಗೆ ಶೂ ಕಟ್ಟಿಕೊಳ್ಳಲು ಬಗ್ಗಿದವನು ಮೇಲೇಳಲಿಲ್ಲ. ಅವನ ಕಾಗದಕ್ಕೆ ನಂಬರು ಹೇಳಲು ಅವಳಿಗೆ ನಾಲಿಗೆ ಹೊರಳಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಬರೆದಳು:

ನೀನು ಹತ್ತಿ ಹೋದ ಮೇಲೆ
ಮಹಡಿಗಳಿಗೆ ಕೊನೆಯೇ ಇಲ್ಲ;
ಕೆಳಗೆ ನಿಂತು ಎಣಿಸುತ್ತಿರುವೆ,
ದೀಪ ಇಳಿದು ಬರುವುದಿಲ್ಲ.

ಪ್ರತಿ ವರ್ಷ ನವೆಂಬರ್ ಇಪ್ಪತ್ತೊಂದಕ್ಕೆ ಅದೇ ಸಾಲು, ಅದೇ ಫೋಟೊ, ತಾವಿದ್ದ ಹದಿನಾಲ್ಕನೇ ಬ್ಲಾಕಿನ ಬಾಗಿಲಿಗೆ. ಬೇರೆ ಯಾರಿಗೂ ಅವಳು ಆ ಸಾಲುಗಳನ್ನು ಕೊಟ್ಟಿರಲಿಲ್ಲ. ಕೇಳಿದವರೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಅವನು ಹೋದ ಮರುವರ್ಷ ಅವಳು ಶ್ಲಾಕಾನ ಹಾಡುಗಳ ಹಿಂದೆ ಬಿದ್ದಳು. ಶ್ಲಾಕಾ ಎಂದರೆ ಕಬ್ಬಿಣ ಕರಗಿಸಿದಾಗ ಕುಲುಮೆಯಲ್ಲಿ ಉಳಿಯುವ ಕಿಟ್ಟ. ಊರಾಚೆ ಅದರದೇ ಒಂದು ಗುಡ್ಡವಿದೆ. ಕ್ರುಮ್ ಯೊನ್ಚೆವ್ ಎಂಬ ರ‍್ಯಾಪ್ ಹಾಡುಗಾರ ಆ ಹೆಸರನ್ನು ಇಟ್ಟುಕೊಂಡಿದ್ದ. ಯಾವ ಕಂಪನಿಯ ಹಂಗೂ ಅವನಿಗೆ ಬೇಕಿರಲಿಲ್ಲ. ಗ್ಯಾರೇಜಿನ ಗೋಡೆಗೆ ಹಳೆ ಹಾಸಿಗೆ ಬಡಿದು ಅಲ್ಲೇ ಹಾಡು ರೆಕಾರ್ಡು ಮಾಡಿ, ಶನಿವಾರದ ಸಂತೆಯಲ್ಲಿ ಎಲೆಕೋಸಿನವಳಿಗೂ ಕಾಲುಚೀಲದವನಿಗೂ ನಡುವೆ ತನ್ನ ಗಾಲ್ಫ್ ಕಾರಿನ ಡಿಕ್ಕಿ ತೆರೆದು ಡಿಸ್ಕು ಮಾರುತ್ತಿದ್ದ. ಇಸ್ಕ್ರಾ ಕೇಳಿದ ಅವನ ಮೊದಲ ಹಾಡು ಕೆಟ್ಟ ಲಿಫ್ಟಿನ ಮೇಲೆ ಇತ್ತು: ಎಂಟನೇ ಮಹಡಿಗೆ ನೀರಿನ ಕ್ಯಾನು ಹೊರುವ ಮುದುಕಿ, ಬ್ಲಾಕಿನ ನಂಬರು ಸಮೇತ. ಹಾಡಿನೊಳಗೆ ಬ್ಲಾಕಿನ ನಂಬರು ಬರಬಹುದು ಅಂತ ಅವಳಿಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಸಂತೆಯ ನಡುವೆ ನಿಂತು ಅತ್ತಳು. ಎಲೆಕೋಸಿನವಳು ಅವಳಿಗೊಂದು ಕಾಗದದ ಕರವಸ್ತ್ರ ಕೊಟ್ಟಳು.

ಗುರುವಾರ ಸಂಜೆ ಆರಕ್ಕೆ ಶ್ಲಾಕಾ ಗ್ಯಾರೇಜಿನ ಸೋಫಾದಲ್ಲಿ ಕೂತು ಫೋನಿನ ಮುಂದೆ ಮಾತಾಡುತ್ತಿದ್ದ. ಹಾಡು ಹೇಗೆ ಕಟ್ಟಬೇಕು, ಯಾವುದನ್ನು ಬಿಸಾಕಬೇಕು. ಕೇಳುವವರು ಮೊದಮೊದಲು ನೂರು, ಆಮೇಲೆ ಸಾವಿರಗಟ್ಟಲೆ. ಎಲ್ಲರೂ ಇಸ್ಕ್ರಾಳ ಅರ್ಧ ವಯಸ್ಸಿನವರು. ಅವಳು ಸ್ಕೂಲಿನ ಗೆರೆ ನೋಟ್‌ಬುಕ್ಕಿನಲ್ಲಿ ಪಾಠ ಅಂತ ತಲೆಬರಹ ಹಾಕಿ ಬರೆದುಕೊಂಡಳು. ಬೀದಿಯ ಹೆಸರು ಹೇಳು. ಯಾರ ಮೊಹರಿಗೂ ಕಾಯಬೇಡ. ನಕ್ಷತ್ರ ಬರೆಯುವ ಮುಂಚೆ ಕಿಟಕಿಯಿಂದ ನೋಡು, ಕಾಣಿಸಿದರೆ ಬರೆ. ವಾರಕ್ಕೊಂದು ಮಾಡು, ಕೆಟ್ಟದಾದರೂ ಸರಿ. ನಿನ್ನ ಮೊದಲ ಕೇಳುಗ ಎದುರುಮನೆಯವನು, ಅವನಿಗೆ ಸುಳ್ಳು ಹೇಳಬೇಡ. ಹತ್ತೊಂಬತ್ತನೆಯದಕ್ಕೆ ಅವಳು ಕೆಂಪು ಗೆರೆ ಎಳೆದಿದ್ದಳು: ಯಾರ ಕೈಯಲ್ಲಿ ಹುಟ್ಟಿತೋ ಅವರ ಹೆಸರು ಮೊದಲು.

ಪಾಠಗಳು ಸುಳ್ಳಾಗಿರಲಿಲ್ಲ. ಮುಂದೆ ಅವಳಿಗೆ ಎಲ್ಲಕ್ಕಿಂತ ಅಸಹ್ಯವಾದದ್ದು ಅದೇ. ರೊಟ್ಟಿ ಅಂಗಡಿಯ ಸ್ತೊಯ್ನಾ ತೀರಿಕೊಂಡಾಗ ಅವಳ ಮಗಳು ಹನ್ನೊಂದು ಎನ್ನುವಷ್ಟರಲ್ಲಿ ಇಸ್ಕ್ರಾ, ಒಂದು ನಿಮಿಷ ಎಂದು, 'ನಿನ್ನೆಯ ರೊಟ್ಟಿಯನ್ನು ಇವತ್ತಿನದೆಂದು ಒಮ್ಮೆಯೂ ಮಾರಲಿಲ್ಲ' ಎಂದು ಬರೆದಳು. ಮಗಳು ಓದಿ ಬಾಯಿಗೆ ಕೈ ಇಟ್ಟುಕೊಂಡಳು. ಆ ಕಾಗದದ ಮುಂದೆ ಜನ ಚೀಲ ಕೆಳಗಿಟ್ಟು ನಿಂತರು. ಹಾಗೆ ಐದು ವರ್ಷದಲ್ಲಿ ಇಪ್ಪತ್ತೋ ಮೂವತ್ತೋ ಕಾಗದಗಳಲ್ಲಿ ಹಂಸವನ್ನು ಓಡಿಸಿ ಮನುಷ್ಯರನ್ನು ಕೂರಿಸಿದ್ದಳು. ಮೆತೋದಿ ಕಂಡೂ ಕಾಣದಂತೆ ಇದ್ದ. ಅವನ ಮಟ್ಟಿಗೆ ಶಾಯಿ ಅಷ್ಟೇ ಖರ್ಚಾಗುತ್ತಿತ್ತು.

ಅಕ್ಟೋಬರಿನಲ್ಲಿ, ಊರಿನ ಬಾಲ್ಕನಿಗಳೆಲ್ಲ ಸುಟ್ಟ ದಪ್ಪ ಮೆಣಸಿನಕಾಯಿಯ ವಾಸನೆ ಹೊಡೆಯುವ ದಿನಗಳಲ್ಲಿ, ಶ್ಲಾಕಾ ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದ. ಫೋನಿನಲ್ಲಿ ಕಾಣುವುದಕ್ಕಿಂತ ಕುಳ್ಳ. ಇಸ್ಕ್ರಾ ಅಕ್ಕ ಅಂದರೆ ನೀವೇನಾ, ಗುರುವಾರ ಗುರುವಾರ ಕೆಳಗೆ ಹೃದಯ ಹಾಕ್ತೀರಲ್ಲ, ಎಂದು ಕೇಳಿದ. ಅವಳು ಕತ್ತಿನವರೆಗೆ ಕೆಂಪಾದಳು. ಹೊಸ ಆಲ್ಬಮಿನ ಹೆಸರು 'ಸಾವಿನ ಕಾಗದ' ಅಂತೆ. ಅದರ ಪ್ರಚಾರಕ್ಕೆ ತನ್ನದೇ ಸಾವಿನ ಕಾಗದ ಬೇಕು, ಆರುನೂರು ಪ್ರತಿ, ಊರಿಡೀ ಅಂಟಿಸುವುದಕ್ಕೆ.

ಒಳಗಿನಿಂದ ಮೆತೋದಿ ಕನ್ನಡಕ ಏರಿಸಿಕೊಂಡು ಬಂದ. ಬದುಕಿರುವವನ ಕಾಗದ ಅಚ್ಚು ಹಾಕುವುದು ಅಪಶಕುನ ಅಂತ ಮೂರು ಸಲ ಉಗಿದ ಶಬ್ದ ಮಾಡಿದ. ಆರುನೂರು ಅಂತ ಕೇಳಿದ ಮೇಲೆ ಶಕುನ ಸುಧಾರಿಸಿತು.

"ಇದುವರೆಗೂ ಸತ್ತವರು ಯಾರೂ ದೂರು ಕೊಟ್ಟಿಲ್ಲ," ಎಂದ ಇಸ್ಕ್ರಾಳಿಗೆ. "ಇವನು ಕೊಡಬಹುದು. ಸಹಿ ಹಾಕಿಸ್ಕೋ."

ಹಾಗೆ ಅಂಗಡಿಯ ಇತಿಹಾಸದಲ್ಲಿ ಮೊದಲ ಬಾರಿಗೆ ಮೃತನೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ. ಆಮೇಲೆ ಫೈಲು ತೆರೆದು ನಾಲ್ಕು ಹಾಳೆ ಮಗುಚಿ ಮುಚ್ಚಿಟ್ಟ. "ಅಕ್ಕ, ಇವು ಸತ್ತವರಿಗಿಂತ ಮುಂಚೇನೇ ಸತ್ತು ವಾಸನೆ ಬಂದಿವೆ," ಎಂದ. ಇಸ್ಕ್ರಾ ಹದಿನೆಂಟು ವರ್ಷದಿಂದ ಯಾರಾದರೂ ಅನ್ನಲಿ ಎಂದು ಕಾದಿದ್ದ ಮಾತು ಅದು.

ಹಿಂದಿನ ಬಾಗಿಲಿನ ಒಳಮೈಗೆ ಅವಳು ಲ್ಯೂಬೆನನ ಆರನೇ ವರ್ಷದ ಕಾಗದವನ್ನು ಅಂಟಿಸಿಕೊಂಡಿದ್ದಳು, ಕೋಟು ತೂಗುಹಾಕುವ ಮೊಳೆಯ ಪಕ್ಕ. ಶ್ಲಾಕಾ ಅದರ ಮುಂದೆ ನಿಂತ. ಓದಿದ, ಜೋರಾಗಿ. ಲಾರಿಯಿಂದ ಜಲ್ಲಿ ಸುರಿದಂಥ ದನಿ ಅವನದು. ಆ ದನಿಯಲ್ಲಿ ತನ್ನ ಸಾಲುಗಳನ್ನು ಕೇಳಿದಾಗ ಅವಳು ಕೌಂಟರಿನ ಹಿಂದಿನಿಂದ ಎದ್ದು ಬಂದಳು.

"ಇದು ಯಾರದು?"

"ನನ್ನ ಗಂಡಂದು."

"ಗಂಡ ಗೊತ್ತಾಯ್ತು, ಅವರ ಆತ್ಮಕ್ಕೆ ಶಾಂತಿ ಸಿಗಲಿ. ಸಾಲು ಯಾರದು?"

ಏಳು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. "ನಂದು," ಎಂದಳು. ಹೇಳುವಾಗ ಕಳ್ಳತನ ಒಪ್ಪಿಕೊಂಡಂತೆ ತಗ್ಗಿದ ದನಿ ಬಂತು.

"ನಂಗೆ ಕೊಡಿ, ಅಕ್ಕ, ಕಾಗದಕ್ಕೂ ಹಾಡಿಗೂ. ನಿಮ್ಮ ಹೆಸರು ಮೊದಲು, ನಂದು ಆಮೇಲೆ. ಯಾರ ಕೈಯಲ್ಲಿ ಹುಟ್ಟಿತೋ… ಹೇಳಿದ್ದೆನಲ್ಲ."

ಹತ್ತೊಂಬತ್ತನೆಯದು, ಕೆಂಪು ಗೆರೆ. ಅವಳು ಕೊಟ್ಟುಬಿಟ್ಟಳು.

ಆ ಮಧ್ಯಾಹ್ನ ಕಾಗದ ಜೋಡಿಸುವಾಗ ಕೊನೆಯ ಸಾಲಿಗೆ ಬಂದು ಅವಳ ಕೈ ನಿಂತಿತು. ಇಲ್ಲಿ ತನ್ನ ಹೆಸರು ಹಾಕಬೇಕು. ಆದರೆ ಸಾವಿನ ಕಾಗದದಲ್ಲಿ ಎರಡೇ ಹೆಸರಿಗೆ ಜಾಗ: ಸತ್ತವನದು, ದುಃಖದ್ದು. ಪದ್ಯ ಬರೆದವರ ಹೆಸರನ್ನು ಆ ಊರಿನಲ್ಲಿ ಯಾರೂ ಎಂದೂ ಹಾಕಿದ್ದಿಲ್ಲ, ಹಾಕಿದರೆ ಶವದ ಪಕ್ಕ ನಿಂತು ಫೋಟೊ ತೆಗೆಸಿಕೊಂಡ ಹಾಗೆ. ಅಭ್ಯಾಸದ ಬೆರಳು 'ದುಃಖತಪ್ತರಿಂದ' ಎಂದೇ ಒತ್ತಿತು. ಡಿಸ್ಕಿನ ಮೇಲೆ ಹೇಗೂ ಹೆಸರು ಬರುತ್ತದಲ್ಲ ಎಂದು ಅವಳು ಬಿಟ್ಟುಬಿಟ್ಟಳು.

ಮರುದಿನ ಬೆಳಿಗ್ಗೆ ಊರು ಶ್ಲಾಕಾನ ಸಾವಿಗೆ ಎದ್ದಿತು. ಅವನ ವಯಸ್ಸಿನವರು ಅರ್ಥಮಾಡಿಕೊಂಡು ನಕ್ಕರು. ಆದರೆ ಸಾವಿನ ಕಾಗದ ಓದುವವರು ಅವನ ವಯಸ್ಸಿನವರಲ್ಲ. ಊರಿನ ಮುದುಕ ಮುದುಕಿಯರು ಬೆಳಗಿನ ವಾಕಿಂಗಿನಲ್ಲಿ ಗೋಡೆಗಳನ್ನು ಪತ್ರಿಕೆಯಂತೆ ಓದುವವರು. ಇಪ್ಪತ್ತೊಂಬತ್ತು ವರ್ಷ ಎಂದು ನೋಡಿ ಎದೆ ಹಿಡಿದುಕೊಂಡರು. ಹನ್ನೊಂದು ಗಂಟೆಯಷ್ಟೊತ್ತಿಗೆ ಅವನ ಬ್ಲಾಕಿನ ನಾಲ್ಕನೇ ಮಹಡಿಯ ಬಾಗಿಲ ಮುಂದೆ ಮೇಣದ ಬತ್ತಿ, ಕ್ರಿಸಾಂತಿಮಮ್ ಹೂವು, ಸಕ್ಕರೆ ಪುಡಿ ಉದುರಿಸಿದ ಬೇಯಿಸಿದ ಗೋಧಿಯ ಪ್ಲಾಸ್ಟಿಕ್ ಲೋಟಗಳು. ಅವನು ಬಾಗಿಲು ತೆರೆದು ಆ ಗೋಧಿಯನ್ನು ಚಮಚದಲ್ಲಿ ತಿನ್ನುತ್ತ, ನನ್ನ ತಿಥಿ ಊಟ ನನಗೇ ಸಿಕ್ಕಿತು ನೋಡಿ ಎಂದು ಫೋನಿಗೆ ಹೇಳಿದ.

ಇದಿಷ್ಟೇ ಆಗಿದ್ದರೆ ಇಸ್ಕ್ರಾ ನುಂಗಿಕೊಳ್ಳುತ್ತಿದ್ದಳೇನೋ. ವಾರದ ಕೊನೆಗೆ ಹಾಡಿನ ವಿಡಿಯೊ ಬಂತು. ಅಂಗಡಿಯಲ್ಲಿ ಮಧ್ಯಾಹ್ನದ ಹೊತ್ತು, ಒಂದು ಕೈಯಲ್ಲಿ ಚೀಸ್ ತುಂಬಿದ ಬಾನಿತ್ಸಾ, ಇನ್ನೊಂದರಲ್ಲಿ ಫೋನು. ಮೊದಲ ದೃಶ್ಯ ಮೆಟ್ಟಿಲು. ಕಪ್ಪು ತಲೆವಸ್ತ್ರದ ಒಬ್ಬ ಮುದುಕಿ, ಬಟ್ಟೆ ಕಟ್ಟಿದ ಪಾತ್ರೆಯನ್ನು ಎದೆಗವಚಿಕೊಂಡು, ಕಂಬಿ ಹಿಡಿದು ಹತ್ತುತ್ತಿದ್ದಾಳೆ. ಶ್ಲಾಕಾನನ್ನು ಸಾಕಿದ ಅಜ್ಜಿ, ಬೆಟ್ಟದ ಹಳ್ಳಿಯ ಸೆವಾ. ಇದು ತಮಾಷೆ ಎಂದು ಅವಳಿಗೆ ಯಾರೂ ತಿಳಿಸಿರಲಿಲ್ಲ. ಬಸ್ಸಿನ ಡ್ರೈವರು ಕಾಗದ ನೋಡಿ ಹೋಗಿ ಹೇಳಿದ್ದ. ಮೂರನೇ ಮಹಡಿಯ ತಿರುವಿನಲ್ಲಿ ಅವಳಿಗೆ ಮೇಲಿನಿಂದ ಮೊಮ್ಮಗನ ನಗು ಕೇಳಿಸುತ್ತದೆ. ಮುಖ ಎತ್ತುತ್ತಾಳೆ. ಪಾತ್ರೆ ಕೈಬಿಟ್ಟು ಗೋಧಿ ಮೆಟ್ಟಿಲ ಮೇಲೆ ಹರಿಯುತ್ತದೆ. ಅವಳ ಬಾಯಿ ತೆರೆದೇ ಇರುತ್ತದೆ. ಮೇಲೆ ಫೋನು ಹಿಡಿದ ಕೈ ಒಂದಿಷ್ಟೂ ಅಲ್ಲಾಡುವುದಿಲ್ಲ. ಆಗ ಡ್ರಮ್ಮು ಬಡಿಯುತ್ತದೆ, ಬ್ಲಾಕಿನ ತಾರಸಿಯ ಮೇಲೆ ಶ್ಲಾಕಾ ಕೈಚಾಚಿ ನಿಂತು ಹಾಡುತ್ತಾನೆ: ನೀನು ಹತ್ತಿ ಹೋದ ಮೇಲೆ ಮಹಡಿಗಳಿಗೆ ಕೊನೆಯೇ ಇಲ್ಲ. ಕೆಳಗೆ ನಿಂತು ಎಣಿಸುತ್ತಿರುವೆ ಎನ್ನುವಾಗ ಬೆರಳನ್ನು ಕೆಳಕ್ಕೆ ಚುಚ್ಚುತ್ತಾನೆ. ಹತ್ತಿ ಹೋದವನು ಅವನಂತೆ. ಕೆಳಗೆ ನಿಂತು ಎಣಿಸುವವರು ಅವನ ಮೇಲೆ ಹೊಟ್ಟೆಕಿಚ್ಚು ಪಡುವವರಂತೆ.

ಇಸ್ಕ್ರಾ ಬಾನಿತ್ಸಾವನ್ನು ಕಾಗದದಲ್ಲಿ ಸುತ್ತಿಟ್ಟಳು. ಎಣ್ಣೆ ಬೆರಳಿಗೆ ಅಂಟಿತ್ತು. ಒರೆಸಿದರೂ ಹೋದ ಹಾಗೆ ಅನ್ನಿಸಲಿಲ್ಲ. ತಿಥಿಯ ಗೋಧಿಯನ್ನು ಎಷ್ಟು ನೀರಿನಲ್ಲಿ ತೊಳೆಯಬೇಕು, ಬೇಯಿಸಿ ಬಿಳಿ ಬಟ್ಟೆಯ ಮೇಲೆ ಕಾಳು ಕಾಳು ಬಿಡಿಯಾಗುವ ತನಕ ಹೇಗೆ ಆರಿಸಬೇಕು ಎನ್ನುವುದು ಅವಳಿಗೆ ಗೊತ್ತಿತ್ತು. ಅದು ಒಂದು ರಾತ್ರಿ ಒಂದು ಹಗಲಿನ ಕೆಲಸ. ಆ ಮುದುಕಿ ಅದನ್ನು ಬದುಕಿರುವವನಿಗಾಗಿ ಮಾಡಿದ್ದಳು.

ಕೊನೆಗೆ ಹೆಸರುಗಳು ಬಂದವು. ಸಾಹಿತ್ಯ, ಶ್ಲಾಕಾ. ಸಂಗೀತ, ಶ್ಲಾಕಾ. ಕೃತಜ್ಞತೆ, ಅಜ್ಜಿ ಸೆವಾ ಹಾಗೂ ಗಾಲ್ಫ್ ಕಾರಿನ ಮೆಕ್ಯಾನಿಕ್. ಅವಳು ಎರಡು ಸಲ ನೋಡಿದಳು.

ಆಮೇಲಿನ ವಾರ ಟ್ರ್ಯಾಕ್ ಸೂಟಿನ ಒಬ್ಬ ಗಂಡಸು ಅಪ್ಪನ ಫೋಟೊ ಹಿಡಿದು ಬಂದ. ಫೈಲು ಬೇಡ, ಶ್ಲಾಕಾದು ಹಾಕಿ ಎಂದ. ಅದು ನಮ್ಮಲ್ಲಿ ಇಲ್ಲ ಎಂದಳು. ಪಾಪ, ಅವನು ಸಮಾಧಾನದಿಂದ ಫೋನು ತೆಗೆದು ಸಾಲು ಸಾಲಾಗಿ ಬರೆಸಿದ. ಅವಳು ಅಂಚೆಗುಮಾಸ್ತೆಯಂತೆ ಕೂತು ತನ್ನ ಗಂಡನ ಪದ್ಯವನ್ನು ಅವನ ಬಾಯಿಂದ ಕೇಳಿ ಟೈಪು ಮಾಡಿದಳು. ಎಣಿಸುತ್ತಿರುವೆ ಎನ್ನುವಲ್ಲಿ ಅವನು ತಪ್ಪು ಹೇಳಿದ. ಅವಳು ತಿದ್ದಿದಳು. "ನೀವೂ ಕೇಳ್ತೀರಾ ಅವನ್ನ?" ಎಂದು ಅವನಿಗೆ ಖುಷಿಯಾಯಿತು.

ಹತ್ತು ದಿನದಲ್ಲಿ ಹದಿಮೂರು ಜನ. ಒಂದು ಬೆಳಿಗ್ಗೆ ಬಂದು ನೋಡಿದರೆ ಫೈಲಿನ ಕೊನೆಗೆ ಹೊಸ ಪ್ಲಾಸ್ಟಿಕ್ ಹಾಳೆ. ಮೂವತ್ತೇಳು.

"ತೆಗೀರಿ ಅದನ್ನ, ಮೆತೋದಿ ಅಣ್ಣ. ಅದು ಲ್ಯೂಬೆನಂದು."

"ಲ್ಯೂಬೆನ್ ಏನೂ ಅಂದ್ಕೊಳ್ಳಲ್ಲಮ್ಮ, ಒಳ್ಳೆ ಮನುಷ್ಯ," ಎಂದ ಮೆತೋದಿ. "ಜನ ಕೇಳ್ತಾರೆ, ನಾನು ಹಾಕ್ತೀನಿ. ಹಂಸಾನೂ ಯಾರೋ ಹೆಂಡತಿ ಗಂಡನಿಗೇ ಬರೆದಿರ್ತಾಳೆ, ಯಾರಿಗ್ಗೊತ್ತು."

ಇದು ಅವಳಿಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ಹನ್ನೊಂದನೇ ಹಾಳೆ ತೆರೆದು ಇನ್ನೊಂದು ಸಲ ಓದಿದಳು.

ನವೆಂಬರ್ ಇಪ್ಪತ್ತೊಂದಕ್ಕೆ ಹನ್ನೆರಡು ದಿನ ಉಳಿದಿತ್ತು. ಶನಿವಾರ ಅವಳು ಗ್ಯಾರೇಜಿಗೆ ಹೋದಳು. ಹಾಡು ವಾಪಸು ತೆಗೆದುಕೋ ಎನ್ನಬೇಕು, ಇಲ್ಲವಾದರೆ ತನ್ನ ಹೆಸರನ್ನಾದರೂ ಹಾಕು ಎನ್ನಬೇಕು. ಕನಿಷ್ಠ ಆ ಅಜ್ಜಿಯ ಪರವಾಗಿ ಒಂದು ಮಾತು ಉಗಿಯಬೇಕು. ದಾರಿಯುದ್ದಕ್ಕೂ ಬೈಗುಳಗಳನ್ನು ಜೋಡಿಸಿಕೊಂಡಳು. ಬಾಗಿಲು ತೆರೆದೇ ಇತ್ತು. ಒಳಗೆ, ಆರು ವರ್ಷ ಅವಳು ಫೋನಿನಲ್ಲಿ ನೋಡಿದ ಅದೇ ಸೋಫಾದಲ್ಲಿ, ಅಜ್ಜಿ ಸೆವಾ ಕೂತು ಮೆಣಸಿನಕಾಯಿಯ ಸುಟ್ಟ ಸಿಪ್ಪೆ ಸುಲಿಯುತ್ತಿದ್ದಳು. ಕಾಲ ಬಳಿ ಮೆಣಸಿನಕಾಯಿ ಸುಡುವ ಕರೆಂಟಿನ ಒಲೆ ಹೊಗೆಯಾಡುತ್ತಿತ್ತು.

ಇಸ್ಕ್ರಾ ಅವಳ ಕೈ ಹಿಡಿದು, ಆವತ್ತು ಹೆದರಿದಿರೇನೋ ಅಜ್ಜಿ ಎಂದಳು. ಮುದುಕಿ ಹೌದೌದು, ಜೀವವೇ ಹೋಯಿತು ಎಂದಳು. ಆಮೇಲೆ ಮಸಿ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, "ನೀನು ವಿಡಿಯೊ ನೋಡಿದ್ಯೇನಮ್ಮ? ತಲೆವಸ್ತ್ರ ಸೊಟ್ಟ ಇತ್ತಾ? ಹಳ್ಳೀಲಿ ಎಲ್ಲಾ ಸೊಟ್ಟ ಇತ್ತು ಅಂತಾರೆ. ನಾನು ಬರ್ತಿದ್ದೀನಿ ಅಂತ ಗೊತ್ತಿದ್ರೆ ಅವನು ಮುಂಚೇನೇ ಹೇಳಬಾರದಿತ್ತಾ, ಒಳ್ಳೇದು ಕಟ್ಕೊಂಡು ಬರ್ತಿದ್ದೆ," ಎಂದಳು.

ಜೋಡಿಸಿಕೊಂಡು ಬಂದಿದ್ದ ಬೈಗುಳದಲ್ಲಿ ಅರ್ಧದಷ್ಟು ಅಲ್ಲಿಗೇ ಕೆಲಸಕ್ಕೆ ಬಾರದೆ ಹೋಯಿತು. ಶ್ಲಾಕಾ ಒಳಗಿನಿಂದ ಬಂದು ಅಕ್ಕಾ ಎಂದು ಅಪ್ಪಿಕೊಂಡ. ಅವನಲ್ಲಿ ತಪ್ಪು ಮಾಡಿದವನ ಲಕ್ಷಣ ಒಂದೂ ಇರಲಿಲ್ಲ. ಲೋಟಕ್ಕೆ ರಾಕಿಯಾ ಸಾರಾಯಿ ಸುರಿದ. ಮೆಣಸಿನಕಾಯಿ ತಿನ್ನಿ ಎಂದ. ಅವಳು ನಿಂತೇ ಕೇಳಿದಳು, ನನ್ನ ಹೆಸರೆಲ್ಲಿ ಎಂದು.

"ಅಕ್ಕ, ಹಾಕೋಣ ಅಂತಾನೇ ಇದ್ದೆ. ನಿಮ್ಮ ಕಾಗದ ನೋಡಿದೆ, ಅದರಲ್ಲಿ ಹೆಸರೇ ಇಲ್ಲ. ದುಃಖತಪ್ತರಿಂದ ಅಂತ ಇದೆ. ಸರಿ, ಅವರಿಗೇ ಬೇಡ ಅಂದ್ಕೊಂಡೆ. ಮತ್ತೆ ದುಃಖ ನಂಗೂ ಇದೆಯಲ್ಲ."

"ಅದು ನನ್ನ ಗಂಡನ ಸಾಲು, ಕ್ರುಮ್. ವರ್ಷದ ಕಾಗದಕ್ಕೆ ಬೇಕು ನಂಗೆ."

"ಹಾಕಿ. ನಾನೇನು ಬೇಡ ಅಂದ್ನಾ? ಊರಿಗೆ ಊರೇ ಹಾಕ್ಕೊಳ್ತಿದೆ."

ಹೀಗೆ ಹೇಳುವಾಗ ಅವನು ಉದಾರಿಯಂತೆ ಕೈ ಬೀಸಿದ. ತನಗಾಗಿ ಬರೆಯಿರಿ ಎಂದೂ ಕರೆದ. ತಿಂಗಳಿಗೆ ನಾಲ್ಕು ಹಾಡು, ಎಲ್ಲ ಅವಳದೇ. ಹೆಸರು ಮಾತ್ರ ಒಂದೇ ಇರಲಿ, ಎರಡಾದರೆ ಕೇಳುವವರಿಗೆ ಗೊಂದಲ. ಅವಳಿಗೆ ಹತ್ತೊಂಬತ್ತನೇ ಪಾಠ ನೆನಪಾಯಿತು. ಅದನ್ನು ಕೇಳಿಯೇಬಿಟ್ಟಳು. ಶ್ಲಾಕಾ ತಲೆ ಕೆರೆದುಕೊಂಡು ಯೋಚಿಸಿದ. ನಾನು ಹಾಗಂದಿದ್ದೆನಾ ಎಂದ. ಒಳ್ಳೆ ಮಾತು, ಎಂದೂ ಸೇರಿಸಿದ.

ಇಸ್ಕ್ರಾ ಹೊರಡುವಾಗ ಅಜ್ಜಿ ಒಂದು ಜಾಡಿ ಮೆಣಸಿನಕಾಯಿ ಕೈಗಿಟ್ಟಳು. ಬೇಡವೆನ್ನಲು ಆಗಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲೆ ಆ ಬಿಸಿ ಜಾಡಿ ಇಟ್ಟುಕೊಂಡು ಕೂತವಳಿಗೆ ಇಡೀ ಊರಿನ ವಾಸನೆಯೇ ಅಸಹ್ಯವಾಯಿತು: ಸುಟ್ಟ ಸಿಪ್ಪೆ, ಕುಲುಮೆಯ ಹೊಗೆ, ಮುಂದಿನ ಸೀಟಿನವನ ಬೆಳ್ಳುಳ್ಳಿ, ತನ್ನ ಕೋಟಿಗೆ ಅಂಟಿದ ಶ್ಲಾಕಾನ ಸೆಂಟು.

ಆದರೂ ಕಾಗದಕ್ಕೆ ಆ ಸಾಲುಗಳನ್ನೇ ಹಾಕುವುದೆಂದು ಅವಳು ಹಠ ಹಿಡಿದಳು. ಕದ್ದವನು ಅವನು, ತಾನೇಕೆ ಮನೆ ಬಿಟ್ಟು ಓಡಬೇಕು? ಆ ಹಠ ಮುರಿದದ್ದು ಅತ್ತೆ. ಗೆರ್ಗಿನಾಳಿಗೆ ಎಪ್ಪತ್ತಾರು, ಹದಿನಾಲ್ಕನೇ ಬ್ಲಾಕಿನ ಎಂಟನೇ ಮಹಡಿಯ ಮನೆಯಲ್ಲಿ ಇಬ್ಬರೂ ಒಟ್ಟಿಗೇ ಇದ್ದರು. ಮಗ ಹೋದ ಮೇಲೆ ಅವರ ನಡುವೆ ಜಗಳವಾಡಲು ವಿಷಯ ಕಡಿಮೆಯಾಗಿತ್ತು. ಗೋಧಿ ಆರಿಸುತ್ತ ಕೂತಿದ್ದವಳು ತಲೆ ಎತ್ತದೆ ಹೇಳಿದಳು:

"ಈ ಸಲ ಪದ್ಯ ಬದಲಾಯಿಸು. ಹನ್ನೊಂದು ಹಾಕು, ಹಂಸದ್ದು. ಆ ಪೋಲಿಯ ಹಾಡು ನನ್ನ ಮಗನ ಮುಖದ ಕೆಳಗೆ ಬೇಡ. ಎರಡನೇ ಮಹಡಿಯವಳು ನಕ್ಕಳು, ಅಜ್ಜಿ ನೀವೂ ರ‍್ಯಾಪ್ ಕೇಳೋಕೆ ಶುರು ಮಾಡಿದ್ರಾ ಅಂತ."

"ಅತ್ತೆ, ಅದು ಅವನದಲ್ಲ. ನಾನು ಬರೆದಿದ್ದು. ಏಳು ವರ್ಷದಿಂದ ಅದೇ ಇದೆಯಲ್ಲ ಬಾಗಿಲಲ್ಲಿ."

ಗೆರ್ಗಿನಾ ಕೈಯಲ್ಲಿದ್ದ ಕಾಳನ್ನು ನೋಡಿದಳು, ಸೊಸೆಯನ್ನು ನೋಡಿದಳು.

"ನೀನಾ? ಕೆಳಗೆ ದುಃಖತಪ್ತರಿಂದ ಅಂತ ಇರ್ತಿತ್ತಲ್ಲ. ನಾನು ಫೈಲಿಂದು ಅಂದ್ಕೊಂಡಿದ್ದೆ."

ಇಸ್ಕ್ರಾ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಿಂತಳು. ಶ್ಲಾಕಾ ಕದಿಯುವ ಮುಂಚೆಯೇ ಅದು ಅವಳದಾಗಿರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಮೇಜಿನ ಎದುರುಬದುರು ಕೂತು ಉಂಡವಳಿಗೇ ಅದು ನಂಬರಾಗಿತ್ತು. ಸಿಟ್ಟು ಮಾಡಲು ಅತ್ತೆಯ ತಪ್ಪಿರಲಿಲ್ಲ. ಕನ್ನಡಿಯಲ್ಲಿದ್ದ ಮುಖದ ಮೇಲೆ ಮಾಡಬಹುದಿತ್ತು. ಸ್ವಲ್ಪ ಹೊತ್ತು ಮಾಡಿದಳು.

ಮರುದಿನ ಅಂಗಡಿಯಲ್ಲಿ ಕೊನೆಯ ಗಿರಾಕಿ ಹೋದ ಮೇಲೆ ಲ್ಯೂಬೆನನ ಫೋಟೊ ತೆರೆದಳು. ಕೆಳಗಿನ ನಾಲ್ಕು ಸಾಲು ಅಳಿಸಿದಳು. ಖಾಲಿ ಜಾಗ ಅವಳನ್ನೇ ನೋಡುತ್ತಿತ್ತು. ಏನು ಬರೆಯುವುದು? ಯೋಚನೆಗೆ ಕೂತರೆ ತಲೆಯೊಳಗೆ ಬರುವುದು ಅದೇ ಜಲ್ಲಿಯ ದನಿ. ಬೀದಿಯ ಹೆಸರು ಹೇಳು. ಕಿಟಕಿಯಿಂದ ನೋಡು. ಎದುರುಮನೆಯವನಿಗೆ ಸುಳ್ಳು ಹೇಳಬೇಡ. ಬೇರೆ ಪಾಠ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ಉಗುಳಿದ ತಟ್ಟೆಯಲ್ಲೇ ಉಣ್ಣಬೇಕಾದ ಹೇಸಿಗೆಯಿಂದ ಅವಳು ಹತ್ತು ನಿಮಿಷ ಕೈಕಟ್ಟಿ ಕೂತಳು. ಆಮೇಲೆ ಉಂಡಳು. ಹಸಿವಾಗಿತ್ತು.

ನೀನು, ನಾನು, ಕೊನೆಯಿಲ್ಲದ ಮಹಡಿ, ದೀಪ, ಎಲ್ಲ ಹೋಯಿತು. ಹಾಗೆ ನೋಡಿದರೆ ಆ ದೀಪವೂ ನಕ್ಷತ್ರದ ಚಿಕ್ಕಪ್ಪನ ಮಗನೇ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು. ಬರೆದಳು:

'ಲ್ಯೂಬೆನ್, ಲಿಫ್ಟ್ ಮೆಕ್ಯಾನಿಕ್. ಈ ಬ್ಲಾಕಿನ ಲಿಫ್ಟು ಆರು ಮತ್ತು ಏಳನೇ ಮಹಡಿಯ ನಡುವೆ ಒಮ್ಮೆ ನಡುಗುತ್ತದೆ. ಸೋಮವಾರ ಸರಿಮಾಡುತ್ತೇನೆ ಎಂದಿದ್ದ. ಭಾನುವಾರ ತೀರಿಕೊಂಡ.'

ಬೆರಳು ಅಭ್ಯಾಸಬಲದಿಂದ 'ದು' ಎಂದು ಒತ್ತಿತು. ಅಳಿಸಿದಳು. 'ಬರೆದವಳು: ಹೆಂಡತಿ ಇಸ್ಕ್ರಾ' ಎಂದು ಹಾಕಿದಳು. ಹಾಕಿದ ಮೇಲೆ ಶವದ ಪಕ್ಕ ನಿಂತು ಫೋಟೊ ತೆಗೆಸಿಕೊಂಡ ಹಾಗೆಯೇ ಅನ್ನಿಸಿತು. ಇರಲಿ ಎಂದು ಒಂದೇ ಒಂದು ಪ್ರತಿ ತೆಗೆದಳು.

ಇಪ್ಪತ್ತೊಂದರ ಬೆಳಿಗ್ಗೆ ಬಾಗಿಲಿಗೆ ಅಂಟಿಸುವಾಗಲೇ ಎರಡನೇ ಮಹಡಿಯವಳು ಬಂದು ಪೂರ್ತಿ ಓದಿದಳು, ಕೆಳಗಿನ ಹೆಸರಿಗೆ ಬಂದಾಗ ಹುಬ್ಬೇರಿಸಿದಳು. ಸತ್ತವನ ಕಾಗದದಲ್ಲಿ ತನ್ನ ಜಾಹೀರಾತು ಎಂದು ಅವಳು ಆಮೇಲೆ ತರಕಾರಿ ಅಂಗಡಿಯಲ್ಲಿ ಹೇಳಿದಳಂತೆ. ಅವಳ ಹಿಂದೆ ಬಂದ ಗೆರ್ಗಿನಾ ಗೋಧಿಯ ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡು ಕನ್ನಡಕ ಸರಿಮಾಡಿಕೊಂಡಳು.

"ಇದೇನು ಸಾವಿನ ಕಾಗದಾನೋ, ದೂರು ಅರ್ಜಿನೋ?" ಎಂದಳು. "ಹಂಸ ಎಲ್ಲಿ?"

ಇಸ್ಕ್ರಾ ಕಾಗದದ ಮೂಲೆಗಳನ್ನು ಒತ್ತಿ ಅಂಟಿಸಿದಳು. ಇಬ್ಬರೂ ಸಮಾಧಿಗೆ ಹೋಗಿ ಮೇಣದ ಬತ್ತಿ ಹಚ್ಚಿ, ಸಿಕ್ಕವರಿಗೆಲ್ಲ ಗೋಧಿ ಹಂಚಿ, ಒಂದಷ್ಟು ಉಳಿಸಿಕೊಂಡು ವಾಪಸು ಬಂದರು. ಗೆರ್ಗಿನಾ ಬಾಗಿಲಲ್ಲಿ ಇನ್ನೊಮ್ಮೆ ನಿಂತಳು. ಓದಿದಳೋ, ಸುಧಾರಿಸಿಕೊಂಡಳೋ ತಿಳಿಯಲಿಲ್ಲ. ಕಾಗದ ಓದಿ ಮುಗಿಸಿದ ಐದನೇ ಮಹಡಿಯ ಮುದುಕನೂ ಅವರ ಜೊತೆ ಲಿಫ್ಟು ಹತ್ತಿದ. ಐದನೆಯದರಲ್ಲಿ ಇಳಿಯಬೇಕಾದವನು ಇಳಿಯಲಿಲ್ಲ. ಆರು ದಾಟಿತು. ಲಿಫ್ಟು ಒಂದು ಸಲ ನಡುಗಿತು, ಏಳು ವರ್ಷದಿಂದ ನಡುಗಿದ ಹಾಗೆಯೇ. ಮುದುಕ ಟೋಪಿ ತೆಗೆದ. ಗೆರ್ಗಿನಾ ಗೋಡೆಗೆ ಅಂಗೈ ಊರಿ, ಮನೆಯಲ್ಲಿ ಮಗನಿಗೆ ಹೇಳುತ್ತಿದ್ದ ದನಿಯಲ್ಲೇ, "ಎಷ್ಟು ಸಲ ಹೇಳ್ದೆ, ಶನಿವಾರಾನೇ ಮುಗಿಸೋ ಅಂತ," ಎಂದಳು.

ಆಮೇಲೆ ಅವಳು ಏಳನೇ ಮಹಡಿಯಿಂದ ಎಂಟರವರೆಗೆ ಅತ್ತಳು. ಮುದುಕನಿಗೆ ಒಂದು ಲೋಟ ಗೋಧಿ ಕೊಟ್ಟರು.

ಮಧ್ಯಾಹ್ನ ಇಸ್ಕ್ರಾಳ ಫೋನು ಸದ್ದು ಮಾಡಿತು. ಯಾರೋ ಬಾಗಿಲ ಕಾಗದದ ಫೋಟೊ ತೆಗೆದು ಅವನಿಗೆ ಮುಟ್ಟಿಸಿದ್ದರು. ಅಕ್ಕ, ಲಿಫ್ಟಿನ ಸಾಲು ಬೆಂಕಿ, ಎಂದು ಶ್ಲಾಕಾ ಬರೆದಿದ್ದ. ಇದು ನನ್ನ ಪಾಠದ ಫಲ ಅಂತ ಗುರುವಾರ ಎಲ್ಲರಿಗೂ ಹೇಳ್ತೀನಿ. ಮುಂದಿನ ಹಾಡಿಗೆ ಇದು ನಂಗೇ ಬೇಕು.

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು, ಊಟದ ತಟ್ಟೆಯಲ್ಲಿ ಬೇರೆಯವರ ಕೂದಲು ಕಂಡಾಗ ಬರುವಂಥದ್ದು. ಬೆರಳಿನ ಸಕ್ಕರೆ ಪುಡಿಯನ್ನು ಏಪ್ರನ್ನಿಗೆ ಒರೆಸಿಕೊಂಡು, ಅಂಗಡಿಗೆ ಫೋನು ಮಾಡುವ ಎಲ್ಲ ಗಿರಾಕಿಗಳಿಗೂ ಹದಿನೆಂಟು ವರ್ಷದಿಂದ ಕಳಿಸುತ್ತಿದ್ದ ಉತ್ತರವನ್ನೇ ಅವನಿಗೂ ಕಳಿಸಿದಳು:

ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು. ಪೂರ್ತಿ ಹೆಸರು, ಹುಟ್ಟಿದ ದಿನ, ತೀರಿಕೊಂಡ ದಿನ, ಒಂದು ಫೋಟೊ ಕಳಿಸಿ. ಪದ್ಯಕ್ಕೆ ಫೈಲು ನೋಡಿ ನಂಬರು ತಿಳಿಸಿ.